ಸಸಿತೋಟ ಮತ್ತು ಉದ್ಯಾನ ಕೆಲಸದ ಲೆಕ್ಕದಲ್ಲಿ ಗಣಕಯಂತ್ರ: ಅದನ್ನು ಸರಳವಾಗಿ ಇಟ್ಟುಕೊಳ್ಳುವ ಕ್ರಮ

ಪೀಠಿಕೆ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಹಾಗೂ ಮುಂಡರಗಿ ಭಾಗಗಳ ಜಮೀನುದಾರರಲ್ಲಿ ಪೈರಿನ ಒಕ್ಕಲುತನದ ಜೊತೆಗೆ ಸಸಿತೋಟವನ್ನು, ಅಂದರೆ ಈಗ ಎಲ್ಲರೂ ನರ್ಸರಿ ಎಂದು ಕರೆಯುವ ಉದ್ಯಮವನ್ನು, ನಡೆಸುವವರು ಉಂಟು. ಇವರು ಬೇವು, ಹೊಂಗೆ, ಹುಣಸೆ, ಮಾವು, ನುಗ್ಗೆ ಮುಂತಾದ ಸಸಿಗಳನ್ನು ಬೆಳೆಸಿ ಮಾರುವದಲ್ಲದೆ, ಪೇಟೆಯ ಮನೆಗಳ ಅಂಗಳ, ಶಾಲೆಯ ಆವರಣ, ದೇವಸ್ಥಾನದ ಬಯಲು ಇವುಗಳಲ್ಲಿ ಗಿಡ ನೆಟ್ಟು, ಹುಲ್ಲುಹಾಸು ಮಾಡಿ ಉದ್ಯಾನಗಳನ್ನು ನಿರ್ಮಿಸಿ ಕೊಡುವ ಗುತ್ತಿಗೆಯನ್ನೂ ಹಿಡಿಯುತ್ತಾರೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ಈ ಸೀಮೆಯಲ್ಲಿ ಎರೆಯ ನೆಲಕ್ಕೆ ಒಗ್ಗುವ ಗಿಡ ಬೇರೆ, ಕಪ್ಪತಗುಡ್ಡದ ಸುತ್ತಲಿನ ಮಸಾರಿ ನೆಲಕ್ಕೆ ಒಗ್ಗುವ ಗಿಡ ಬೇರೆ. ನೆಟ್ಟ ಗಿಡವು ಮೊದಲನೆಯ ಬೇಸಿಗೆಯನ್ನು ದಾಟುವದೇ ಈ ಉದ್ಯಮದ ನಿಜವಾದ ಪರೀಕ್ಷೆಯಾಗಿದೆ.

ಇಂಥ ಉದ್ಯಮಗಳಿಗೆ ಈಗ ಗಣಕಯಂತ್ರದ ಲೆಕ್ಕದ ತಂತ್ರಾಂಶಗಳು, ಅಂದರೆ ಜನರು ಸಾಫ್ಟ್‌ವೇರ್ ಅಥವಾ ಆ್ಯಪ್ ಎನ್ನುವವು, ಬಂದಿರುತ್ತವೆ. ಮಾರುವವರು ಅವುಗಳ ಗುಣಗಳನ್ನು ಬಣ್ಣಿಸುವಾಗ ಆಳುಗಳ ಹಾಜರಿ, ಸಸಿಗಳ ದಾಸ್ತಾನು, ಗೊಬ್ಬರ, ವಾಹನ, ಗಿರಾಕಿಗಳ ವಿವರ, ಫೋಟೋ, ನಕಾಶೆ ಎಲ್ಲವೂ ಒಂದರಲ್ಲಿಯೇ ಅಡಗಿವೆ ಎಂದು ತೋರಿಸುತ್ತಾರೆ. ಯಜಮಾನನು ಎಲ್ಲವನ್ನೂ ಒಮ್ಮೆಲೆ ತೆರೆಯುತ್ತಾನೆ. ಮೊದಲನೆಯ ತಿಂಗಳು ಎಲ್ಲ ಅಂಕಣಗಳು ತುಂಬುತ್ತವೆ. ಎರಡನೆಯ ತಿಂಗಳು ಅರ್ಧ ತುಂಬುತ್ತವೆ. ಮಳೆಗಾಲದ ಅವಸರ ಬಂದ ಕೂಡಲೆ ಬರೆಯುವದೇ ನಿಂತುಹೋಗುತ್ತದೆ. ಆಗ ಹಳೆಯ ಕಿರ್ದಿಯೂ ಇಲ್ಲ, ಹೊಸ ಲೆಕ್ಕವೂ ಇಲ್ಲ ಎಂಬ ಸ್ಥಿತಿ ಒದಗುತ್ತದೆ. ಇದರ ನಷ್ಟವು ಯಜಮಾನನಿಗೆ ಮಾತ್ರವಲ್ಲ, ವಾರದ ಕೂಲಿಯನ್ನು ನಂಬಿದ ಆಳುಗಳಿಗೂ ತಗಲುವದು. ಈ ಕಾರಣದಿಂದ ಹೊಸ ತಂತ್ರಾಂಶವನ್ನು ಎಷ್ಟು ಚಿಕ್ಕದಾಗಿ ಆರಂಭಿಸಬೇಕು, ಯಾವ ಅನುಕ್ರಮದಲ್ಲಿ ಬೆಳೆಸಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಹಿಂದಿನ ಎರಡು ಪಾಠಗಳು

ಸರಳವಾದ ಲೆಕ್ಕದ ಬೆಲೆಯನ್ನು ತಿಳಿಯಲು ನಮ್ಮ ಭಾಗದವರು ದೂರ ಹೋಗಬೇಕಾಗಿಲ್ಲ. ಗದಗ ತಾಲೂಕಿನ ಕಣಗಿನಹಾಳದಲ್ಲಿ ಶ್ರೀ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ನಮ್ಮ ದೇಶದ ಸಹಕಾರ ಚಳವಳಿಯ ಇತಿಹಾಸದಲ್ಲಿ ಈ ಸಂಘಕ್ಕೆ ಮೊದಲ ಸಾಲಿನ ಸ್ಥಾನವಿದೆ. ಅದಕ್ಕೆ ಆಧಾರವಾದ 1904ರ ಸಹಕಾರ ಪತ್ತಿನ ಸಂಘಗಳ ಕಾಯಿದೆಯನ್ನು ರಚಿಸಿದವರು ಸರಳತೆ ಮತ್ತು ಸಂದರ್ಭಕ್ಕೆ ಹೊಂದಿಕೊಳ್ಳುವ ಗುಣ ಇವೆರಡನ್ನೂ ಬುದ್ಧಿಪೂರ್ವಕವಾಗಿ ಅದರ ತಳಹದಿಯಾಗಿ ಇಟ್ಟಿದ್ದರು. ಒಂದೇ ಊರಿನ ಹತ್ತು ಮಂದಿ ಕೂಡಿದರೆ ಸಂಘವಾಗುತ್ತಿತ್ತು. ವರ್ಷಕ್ಕೊಮ್ಮೆ ಲೆಕ್ಕದ ತಪಾಸಣೆ ಆಗಲೇಬೇಕಾಗಿತ್ತು. ನಿಯಮಗಳು ಸ್ವಲ್ಪ, ಆದರೆ ಇದ್ದಷ್ಟನ್ನು ತಪ್ಪದೆ ನಡೆಸತಕ್ಕದ್ದು ಎಂಬುದೇ ಅದರ ಭಾವವು. ಓದುಬರಹ ಕಡಿಮೆಯಿದ್ದ ಕಾಲದಲ್ಲಿ ಒಕ್ಕಲಿಗನು ತನ್ನ ಸಾಲವೆಷ್ಟು, ತೀರಿಸಿದ್ದೆಷ್ಟು, ಬಾಕಿ ಎಷ್ಟು ಎಂಬ ಮೂರು ಮಾತುಗಳನ್ನು ತಿಳಿದುಕೊಳ್ಳುವಂತೆ ಲೆಕ್ಕವಿರಬೇಕಾಗಿತ್ತು. ಇಂದಿನ ಗಣಕಯಂತ್ರಕ್ಕೂ ಇದೇ ಅಳತೆಯು ಸಲ್ಲುವದು.

ಎರಡನೆಯ ಪಾಠವು ಪಹಣಿಯದು. ನಮ್ಮ ರಾಜ್ಯದಲ್ಲಿ ಭೂಮಿಯ ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸುವ ಪ್ರಯತ್ನವು 'ಭೂಮಿ' ಯೋಜನೆಗಿಂತ ಮೊದಲೇ ನಡೆದಿತ್ತು. ಆಗ ಅಂಕಿಗಳನ್ನು ಒಮ್ಮೆ ತುಂಬಲಾಯಿತು; ಆದರೆ ಮಾರಾಟ, ವಾರಸಾ, ಪಾಲುಪಟ್ಟಿಗಳಿಂದ ಆಗುವ ಬದಲಾವಣೆಗಳನ್ನು ಆಗಿಂದಾಗ್ಗೆ ಸೇರಿಸುವ ಏರ್ಪಾಡು ಇರಲಿಲ್ಲವಾದ್ದರಿಂದ ಆ ದಾಖಲೆಗಳು ಹಳೆಯದಾಗಿ ನಿರುಪಯೋಗಿಯಾದವು. ತರುವಾಯ ಬಂದ 'ಭೂಮಿ' ಯೋಜನೆಯು 2002ರ ಹೊತ್ತಿಗೆ ರಾಜ್ಯದ ಎಲ್ಲ ತಾಲೂಕುಗಳನ್ನು ಮುಟ್ಟಿ, ಸುಮಾರು 67 ಲಕ್ಷ ಜಮೀನುದಾರರ 2 ಕೋಟಿಯಷ್ಟು ಪಹಣಿಗಳನ್ನು ಒಳಗೊಂಡಿತು. ಅದರಲ್ಲಿ ಎರಡು ಸಂಗತಿಗಳನ್ನು ಬಿಗಿಯಾಗಿ ಹಿಡಿಯಲಾಗಿತ್ತು. ಬದಲಾವಣೆಯು ತಾಲೂಕು ಕಚೇರಿಯಲ್ಲಿಯೇ ದಾಖಲಾಗಬೇಕು ಎಂಬುದು ಒಂದು. ತಾಲೂಕಿನಲ್ಲಿ ಗಣಕಯಂತ್ರದ ಪಹಣಿ ಆರಂಭವಾದ ಮೇಲೆ ಕೈಬರಹದ ಪಹಣಿಯು ನಡೆಯತಕ್ಕದ್ದಲ್ಲ ಎಂಬುದು ಇನ್ನೊಂದು. ಎರಡು ದಾಖಲೆಗಳು ಏಕಕಾಲಕ್ಕೆ ಜೀವಂತವಾಗಿದ್ದರೆ ಜನರು ತಮಗೆ ಅನುಕೂಲವಾದದ್ದನ್ನು ತೋರಿಸುತ್ತಾರೆ; ವ್ಯಾಜ್ಯವು ಅಲ್ಲಿಂದಲೇ ಹುಟ್ಟುತ್ತದೆ. ರಾಜ್ಯದ ಮಟ್ಟದಲ್ಲಿ ಸತ್ಯವಾದ ಈ ಮಾತು ಇಪ್ಪತ್ತು ಗುಂಟೆಯ ಸಸಿತೋಟದಲ್ಲಿಯೂ ಸತ್ಯವೇ.

ಮೊದಲು ಪ್ರಶ್ನೆ, ಅನಂತರ ಅಂಕಣ

ತಂತ್ರಾಂಶವನ್ನು ಕೊಳ್ಳುವ ಮೊದಲು ಯಜಮಾನನು ಒಂದು ಹಾಳೆಯನ್ನು ತೆಗೆದುಕೊಂಡು, ತಾನು ಪ್ರತಿ ವಾರ ಯಾವ ಯಾವ ನಿರ್ಣಯಗಳನ್ನು ಮಾಡಬೇಕಾಗುತ್ತದೆ ಎಂಬುದನ್ನು ಬರೆಯತಕ್ಕದ್ದು. ಸಸಿತೋಟ ಹಾಗೂ ಉದ್ಯಾನದ ಉದ್ಯಮದಲ್ಲಿ ಇವು ಸಾಮಾನ್ಯವಾಗಿ ನಾಲ್ಕೇ ಇರುತ್ತವೆ.

1. ಶನಿವಾರ ಯಾರಿಗೆ ಎಷ್ಟು ಕೂಲಿ ಕೊಡಬೇಕು?
2. ಯಾವ ಸಸಿ ಎಷ್ಟು ಉಳಿದಿದೆ, ಎಷ್ಟು ಸತ್ತಿತು, ಏಕೆ ಸತ್ತಿತು?
3. ಹಿಡಿದ ಗುತ್ತಿಗೆಯಲ್ಲಿ ಲಾಭವಾಗುತ್ತಿದೆಯೋ, ಕೈಯಿಂದ ಹೋಗುತ್ತಿದೆಯೋ?
4. ಯಾರ ಕಡೆಯಿಂದ ಎಷ್ಟು ಉದ್ರಿ ಬರತಕ್ಕದ್ದಿದೆ?

ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಡದ ಅಂಕಣವನ್ನು ಮೊದಲನೆಯ ವರ್ಷ ತೆರೆಯಬಾರದು. ಗಿರಾಕಿಯ ಹುಟ್ಟಿದ ದಿನ, ಆಳು ಕೆಲಸಕ್ಕೆ ಬಂದ ನಿಮಿಷ, ಪ್ರತಿಯೊಂದು ಗುಂಡಿಯ ಫೋಟೋ ಇಂಥವುಗಳನ್ನು ತಂತ್ರಾಂಶವು ಕೇಳಿದರೂ ತುಂಬುವದು ಅವಶ್ಯವಿಲ್ಲ. ಒಂದು ಅಂಕಣವು ಇರಬೇಕೋ ಬೇಡವೋ ಎಂಬ ಸಂಶಯ ಬಂದಾಗ ಹೀಗೆ ಕೇಳಿಕೊಳ್ಳಬೇಕು: ಇಲ್ಲಿಯ ಅಂಕಿಯು ಹೆಚ್ಚಾದರೆ ನಾನು ಏನು ಮಾಡುವೆನು, ಕಡಿಮೆಯಾದರೆ ಏನು ಮಾಡುವೆನು? ಎರಡಕ್ಕೂ ಉತ್ತರ ಒಂದೇ ಆಗಿದ್ದರೆ ಆ ಅಂಕಣದಿಂದ ಪ್ರಯೋಜನವಿಲ್ಲ.

ನಾಲ್ಕು ವಹಿಗಳು

ಕೂಲಿಯ ವಹಿ. ಇದರಲ್ಲಿ ದಿನಾಂಕ, ಆಳಿನ ಹೆಸರು, ಪೂರ್ಣ ದಿನವೋ ಅರ್ಧ ದಿನವೋ, ಯಾವ ಕೆಲಸದ ಮೇಲೆ, ಕೊಟ್ಟ ಮುಂಗಡ ಎಂಬ ಐದು ಅಂಕಣಗಳು ಸಾಕು. ಹಾಜರಿಯನ್ನು ಕೆಲಸದ ಸ್ಥಳದಲ್ಲಿ ಮುಕಾದಮನೇ ಅದೇ ದಿನ ಬರೆಯಬೇಕು. ಸಾಯಂಕಾಲ ಮನೆಯಲ್ಲಿ ಕುಳಿತು ನೆನಪಿನಿಂದ ಬರೆಯುವ ಪದ್ಧತಿಯು ಜಗಳಕ್ಕೆ ಮೂಲವು. ವಾರದ ಕೊನೆಗೆ ಕೂಲಿಯ ಪಟ್ಟಿಯನ್ನು ಆಳುಗಳ ಮುಂದೆ ಗಟ್ಟಿಯಾಗಿ ಓದಿ, ಕಾಗದದ ಮೇಲೆ ಸಹಿ ಅಥವಾ ಹೆಬ್ಬೆಟ್ಟು ತೆಗೆದುಕೊಳ್ಳುವದನ್ನು ಗಣಕಯಂತ್ರ ಬಂದಿತೆಂದು ಬಿಡಬಾರದು. ತನ್ನ ದಿನಗಳನ್ನು ತನ್ನ ಕಿವಿಯಿಂದ ಕೇಳಿದ ಆಳು ಲೆಕ್ಕವನ್ನು ನಂಬುತ್ತಾನೆ.

ಸಸಿಯ ವಹಿ. ಇದರಲ್ಲಿ ಸಸಿಯ ಜಾತಿ, ಮಡಿಯ ಸಂಖ್ಯೆ, ತಯಾರಿಸಿದ್ದು, ಮಾರಿದ್ದು, ಗುತ್ತಿಗೆಯ ಕೆಲಸಕ್ಕೆ ಒಯ್ದದ್ದು, ಸತ್ತ ಗಿಡಕ್ಕೆ ಬದಲಿಯಾಗಿ ಕೊಟ್ಟದ್ದು, ಮಡಿಯಲ್ಲಿಯೇ ಸತ್ತದ್ದು ಇಷ್ಟನ್ನು ಬರೆಯಬೇಕು. ಎಣಿಕೆಯನ್ನು ದಿನಾಲು ಮಾಡುವ ಗೊಡವೆಗೆ ಹೋಗದೆ, ಹದಿನೈದು ದಿನಗಳಿಗೊಮ್ಮೆ, ಅಮಾವಾಸ್ಯೆ ಮತ್ತು ಹುಣ್ಣಿಮೆಯಂದು ಮಾಡಿದರೆ ಮರೆಯುವ ಸಂಭವವಿಲ್ಲ.

ಕೆಲಸದ ವಹಿ. ಪ್ರತಿಯೊಂದು ಗುತ್ತಿಗೆಗೆ ಒಂದೊಂದು ಪುಟ. ಮೇಲೆ ಕರಾರಿನ ಮೊತ್ತ. ಕೆಳಗೆ ಸಸಿ, ಮಣ್ಣು-ಗೊಬ್ಬರ, ಕೂಲಿ, ವಾಹನ ಎಂಬ ನಾಲ್ಕು ತಲೆಬರಹಗಳ ಖರ್ಚು. ಕೂಲಿಯನ್ನೂ ಸಸಿಯನ್ನೂ ಇಲ್ಲಿ ಮತ್ತೆ ಬರೆಯತಕ್ಕದ್ದಲ್ಲ. ಮೊದಲಿನ ಎರಡು ವಹಿಗಳಲ್ಲಿ ಕೆಲಸದ ಹೆಸರನ್ನು ಬರೆದಿದ್ದರೆ ಗಣಕಯಂತ್ರವು ತಾನೇ ಕೂಡಿಸಿ ಕೊಡುವದು. ಒಂದು ಸಂಗತಿಯನ್ನು ಒಂದೇ ಸಲ ಬರೆಯುವದೇ ಗಣಕಯಂತ್ರದಿಂದ ಆಗುವ ಮುಖ್ಯ ಲಾಭ. ಎರಡು ಕಡೆ ಬರೆಯಲು ಒತ್ತಾಯಿಸುವ ತಂತ್ರಾಂಶವನ್ನು ಕೊಳ್ಳದಿರುವದು ಒಳ್ಳೆಯದು.

ಉದ್ರಿಯ ವಹಿ. ಹೆಸರು, ಮೊತ್ತ, ಕೊಡತಕ್ಕ ದಿನ, ಬಂದ ಹಣ, ಶಿಲ್ಕು ಬಾಕಿ. ಹಣವು ರೋಖವಾಗಿ ಬಂದಿತೋ ಮೊಬೈಲಿನ ಮೂಲಕ ಬಂದಿತೋ ಎಂಬುದನ್ನು ಗುರುತಿಸಬೇಕು. ಏಕೆಂದರೆ ತಿಂಗಳ ಕೊನೆಗೆ ಬ್ಯಾಂಕಿನ ಪುಸ್ತಕದೊಡನೆ ತಾಳೆ ನೋಡಬೇಕಾಗುತ್ತದೆ. ಸಸಿಯ ಮಾರಾಟಕ್ಕೂ ಉದ್ಯಾನ ನಿರ್ಮಾಣದ ಸೇವೆಗೂ 2017ರಿಂದ ಜಾರಿಯಲ್ಲಿರುವ ಸರಕು ಮತ್ತು ಸೇವಾ ತೆರಿಗೆಯ ನಿಯಮವು ಒಂದೇ ಆಗಿಲ್ಲ. ಆದಕಾರಣ ಇವೆರಡರ ಬಿಲ್ಲುಗಳನ್ನು ಮೊದಲಿನಿಂದಲೇ ಬೇರೆ ಬೇರೆಯಾಗಿ ಇಟ್ಟು, ತೆರಿಗೆಯ ವಿಷಯದಲ್ಲಿ ಬಲ್ಲವರ ಸಲಹೆ ಪಡೆಯಬೇಕು.

ಒಂದು ಉದಾಹರಣೆ

ಈ ವಹಿಗಳು ಹೇಗೆ ಉಪಯೋಗಕ್ಕೆ ಬರುತ್ತವೆ ಎಂಬುದನ್ನು ತಿಳಿಯಲು ಒಂದು ಲೆಕ್ಕವನ್ನು ಕಲ್ಪಿಸಿ ನೋಡೋಣ. ಶಿರಹಟ್ಟಿಯ ಕಡೆಯ ಒಬ್ಬ ಜಮೀನುದಾರನು 5,000 ಸಸಿಗಳನ್ನು ತಯಾರಿಸಿದನೆಂದು ಇಟ್ಟುಕೊಳ್ಳಿರಿ. ಕೆಲವು ತಿಂಗಳ ಮೇಲೆ ಎಣಿಸಲು 3,900 ಉಳಿದಿವೆ. ವಹಿಯಿಲ್ಲದಿದ್ದರೆ ಹೋದ 1,100 ಸಸಿಗಳೂ ಮಾರಾಟವಾದವೆಂದು ಅವನು ಸಮಾಧಾನ ಪಡುವನು, ಇಲ್ಲವೆ ಆಳುಗಳ ಮೇಲೆ ಸಂಶಯ ಪಡುವನು. ವಹಿಯಿದ್ದರೆ ಮಾರಿದ್ದು 620, ಬದಲಿಯಾಗಿ ಕೊಟ್ಟದ್ದು 180, ಮಡಿಯಲ್ಲಿ ಸತ್ತದ್ದು 300 ಎಂದು ಕಾಣುವದು. ಸತ್ತ 300ರಲ್ಲಿ 220 ಸಸಿಗಳು ಒಂದೇ ಮಡಿಯವಾಗಿದ್ದರೆ ದೋಷವು ಬೀಜದ್ದಲ್ಲ, ಆ ಮಡಿಗೆ ನೀರು ತಲುಪದಿರುವದೇ ಎಂದು ಶಂಕಿಸಿ ಪೈಪನ್ನು ಪರೀಕ್ಷಿಸಬಹುದು. ಮಡಿಯ ಸಂಖ್ಯೆ ಎಂಬ ಒಂದು ಚಿಕ್ಕ ಅಂಕಣದಿಂದ ಈ ಫಲವು ದೊರೆಯಿತು.

ಅವನೇ ಗದಗಿನಲ್ಲಿ ಒಂದು ಉದ್ಯಾನದ ಕೆಲಸವನ್ನು 60,000 ರೂಪಾಯಿಗೆ ಹಿಡಿದನೆಂದು ತಿಳಿಯಿರಿ. ಸಸಿಗಳಿಗೆ 16,000, ಮಣ್ಣು-ಗೊಬ್ಬರಕ್ಕೆ 8,000, ದಿನಕ್ಕೆ 500ರಂತೆ 56 ಆಳುಗಳ ಕೂಲಿ 28,000, ವಾಹನಕ್ಕೆ 4,200, ಹೀಗೆ ಒಟ್ಟು 56,200 ರೂಪಾಯಿ ಖರ್ಚಾಗಿ 3,800 ಉಳಿಯಿತು. ಆದರೆ ಮೇಲೆ ಹೇಳಿದ 180 ಬದಲಿ ಸಸಿಗಳಲ್ಲಿ 110 ಇದೇ ಕೆಲಸಕ್ಕೆ ಹೋಗಿದ್ದವು. ಸಾಗಿಸಿ ನೆಡುವ ಖರ್ಚು ಸೇರಿ ಒಂದಕ್ಕೆ 40 ರೂಪಾಯಿಯಂತೆ 4,400 ಆಯಿತು. ಅಂದರೆ ಲಾಭವೆಂದು ಎಣಿಸಿದ ಕೆಲಸದಲ್ಲಿ 600 ರೂಪಾಯಿ ನಷ್ಟವು! ಇದನ್ನು ಕಂಡ ಯಜಮಾನನು ಮುಂದಿನ ಕರಾರಿನಲ್ಲಿ, ನೆಟ್ಟ ಮೇಲೆ ಮೊದಲ ಮೂರು ತಿಂಗಳು ನೀರುಣಿಸುವ ಹೊಣೆ ಯಾರದು, ಅಷ್ಟರೊಳಗೆ ಸತ್ತ ಗಿಡಕ್ಕೆ ಬದಲಿ ಕೊಡುವ ಖರ್ಚು ಯಾರದು ಎಂಬುದನ್ನು ಸ್ಪಷ್ಟವಾಗಿ ಬರೆಯಿಸುವನು. ಲೆಕ್ಕದ ಉದ್ದೇಶವು ಇಂಥ ಒಂದು ನಿರ್ಣಯವೇ ಹೊರತು ಬಣ್ಣಬಣ್ಣದ ಚಿತ್ರಪಟಗಳಲ್ಲ.

ಯಾವಾಗ, ಯಾವ ಅನುಕ್ರಮದಲ್ಲಿ ಆರಂಭಿಸಬೇಕು

ಜೂನ್‌ನಿಂದ ಆಗಸ್ಟ್‌ವರೆಗೆ ಸಸಿಯ ಮಾರಾಟವೂ ನೆಡುವ ಕೆಲಸವೂ ಒಟ್ಟಿಗೆ ನುಗ್ಗಿ ಬರುತ್ತವೆ. ಆ ಕಾಲದಲ್ಲಿ ಹೊಸ ಪದ್ಧತಿಯನ್ನು ಆರಂಭಿಸಿದರೆ ಕಲಿಯಲು ಯಾರಿಗೂ ಪುರಸೊತ್ತು ಇರುವದಿಲ್ಲ. ನಮ್ಮ ವ್ಯಾಪಾರಿಗಳು ದೀಪಾವಳಿಯ ಪಾಡ್ಯಕ್ಕೆ ಹೊಸ ವಹಿಯನ್ನು ಪೂಜಿಸಿ ತೆರೆಯುವ ರೂಢಿಯು ಈ ಉದ್ಯಮಕ್ಕೆ ಬಹಳ ಹೊಂದುವದು. ಪಾಡ್ಯದಂದು ಕೂಲಿಯ ವಹಿಯೊಂದನ್ನೇ ಆರಂಭಿಸಬೇಕು. ಅದು ಒಂದು ತಿಂಗಳು ತಪ್ಪಿಲ್ಲದೆ ನಡೆದ ಮೇಲೆ ಉದ್ರಿಯ ವಹಿಯನ್ನು ಸೇರಿಸಬೇಕು. ಸಂಕ್ರಾಂತಿಯ ಸುಮಾರಿಗೆ, ಚೀಲಗಳಲ್ಲಿ ಮಣ್ಣು ತುಂಬಿ ಬೀಜ ಹಾಕುವಾಗ, ಸಸಿಯ ವಹಿಯನ್ನು ತೆರೆದರೆ ತಯಾರಿಸಿದ ಸಸಿಗಳ ಸಂಖ್ಯೆಯು ಮೊದಲಿನಿಂದಲೇ ಸರಿಯಾಗಿ ಸಿಗುವದು. ಯುಗಾದಿಗೆ ಕೆಲಸದ ವಹಿ. ಹೀಗೆ ಮಾಡಿದರೆ ಮಳೆ ಬೀಳುವ ಹೊತ್ತಿಗೆ ನಾಲ್ಕೂ ಕೈಗೆ ಹತ್ತಿರುತ್ತವೆ.

ಪ್ರತಿಯೊಂದು ಹೊಸ ವಹಿಯನ್ನು ಹಳೆಯ ಪುಸ್ತಕದ ಜೊತೆಗೆ ಒಂದು ತಿಂಗಳು ಮಾತ್ರ ನಡೆಸತಕ್ಕದ್ದು. ತಿಂಗಳ ಕೊನೆಗೆ ಎರಡರ ಮೊತ್ತಗಳು ತಾಳೆಯಾದರೆ ಹಳೆಯದನ್ನು ಗೆರೆ ಎಳೆದು, ದಿನಾಂಕ ಹಾಕಿ ಮುಚ್ಚಬೇಕು. ತಾಳೆಯಾಗದಿದ್ದರೆ ಕಾರಣವನ್ನು ಹುಡುಕುವವರೆಗೆ ಮುಂದಿನ ವಹಿಯನ್ನು ತೆರೆಯಬಾರದು. ಎರಡನ್ನೂ ವರ್ಷವಿಡೀ ನಡೆಸುವವರಿಗೆ ಶ್ರಮ ಇಮ್ಮಡಿಯಾಗುವದಲ್ಲದೆ ಯಾವುದು ನಿಜವೆಂಬುದು ತಿಳಿಯದೆ ಹೋಗುವದು. ಆದರೆ ಪ್ರತಿ ತಿಂಗಳ ಕೊನೆಗೆ ನಾಲ್ಕೂ ವಹಿಗಳ ಮೊತ್ತವನ್ನು ಕಾಗದದ ಮೇಲೆ ಮುದ್ರಿಸಿ ಕಡತದಲ್ಲಿ ಇಡುವದು, ಹಾಗೂ ಲೆಕ್ಕದ ಪ್ರತಿಯೊಂದನ್ನು ಬೇರೆ ಸ್ಥಳದಲ್ಲಿ ಕಾದಿರಿಸುವದು ಅವಶ್ಯ. ಮೊಬೈಲು ಕಾಲುವೆಗೆ ಬಿದ್ದರೆ ವರ್ಷದ ಲೆಕ್ಕವೂ ಅದರೊಡನೆ ಮುಳುಗಬಾರದು.

ಕೊಳ್ಳುವ ಮೊದಲು ನೋಡತಕ್ಕ ಸಂಗತಿಗಳು

ಮೊದಲನೆಯದಾಗಿ, ತಂತ್ರಾಂಶವು ಕನ್ನಡದಲ್ಲಿ ಇರಬೇಕು. ಬರೆಯುವವನು ಮುಕಾದಮನೇ ಹೊರತು ಯಜಮಾನನ ಪೇಟೆಯಲ್ಲಿ ಓದುವ ಮಗನಲ್ಲ. ಎರಡನೆಯದಾಗಿ, ಗುಡ್ಡದ ಬುಡದಲ್ಲಿ ಮೊಬೈಲಿನ ಸಂಕೇತ ಸಿಗದ ಸ್ಥಳದಲ್ಲಿಯೂ ಬರೆದಿಟ್ಟು, ಊರಿಗೆ ಬಂದ ಮೇಲೆ ಕಳಿಸಲು ಬರಬೇಕು. ಮೂರನೆಯದಾಗಿ, ನಾಳೆ ಈ ತಂತ್ರಾಂಶವನ್ನು ಬಿಡಬೇಕಾದರೆ ಇದರೊಳಗಿನ ಲೆಕ್ಕವೆಲ್ಲವನ್ನೂ ಹೊರಗೆ ತೆಗೆದುಕೊಳ್ಳಲು ಬರುವದೋ ಎಂದು ಮಾರುವವನನ್ನು ಕೇಳಿ, ಕಣ್ಣೆದುರಿಗೆ ಮಾಡಿ ತೋರಿಸಲು ಹೇಳಬೇಕು. ನಾಲ್ಕನೆಯದಾಗಿ, ಬೇಡವಾದ ಅಂಕಣಗಳನ್ನು ಮರೆಮಾಡಲು ಬರಬೇಕು. ಈ ನಾಲ್ಕರಲ್ಲಿ ಒಂದು ಕಡಿಮೆಯಿದ್ದರೂ ಹಗುರವಾದ ಬೆಲೆಗೆ ಮರುಳಾಗಬಾರದು. ಅಂಥದು ಸಿಗದಿದ್ದರೆ ಗಣಕಯಂತ್ರದ ಸಾಮಾನ್ಯ ಕೋಷ್ಟಕದಲ್ಲಿಯೇ ನಾಲ್ಕು ಹಾಳೆಗಳನ್ನು ಮಾಡಿಕೊಂಡರೆ ಚಿಕ್ಕ ಉದ್ಯಮಕ್ಕೆ ಸಾಲುವದು.

ಗುಪ್ತಪದವು ಒಬ್ಬನ ಕೈಯಲ್ಲಿಯೇ ಇರಬಾರದು. ಲೆಕ್ಕ ಬರೆಯುವವನು ಕೆಲಸ ಬಿಟ್ಟುಹೋದ ದಿನ ಯಜಮಾನನು ತನ್ನ ಲೆಕ್ಕದ ಬಾಗಿಲಿನಲ್ಲಿಯೇ ನಿಲ್ಲುವ ಪ್ರಸಂಗ ಬರುವದು. ಅದೇ ಪ್ರಕಾರ ಇಬ್ಬರಿಗಾದರೂ ಬರೆಯಲು ಕಲಿಸಿರಬೇಕು.

ಸರಳತೆಯ ಮೇರೆ

ಸರಳವೆಂದರೆ ಅರೆಬರೆ ಎಂದು ಅರ್ಥವಲ್ಲ. ಅಂಕಣಗಳನ್ನು ಕಡಿಮೆ ಮಾಡುವ ಆತುರದಲ್ಲಿ ಕೆಲವರು ತಿಳಿಯದ್ದೆಲ್ಲವನ್ನೂ 'ಇತರೆ' ಎಂಬ ತಲೆಬರಹಕ್ಕೆ ತಳ್ಳುತ್ತಾರೆ. ತಿಂಗಳ ಖರ್ಚಿನಲ್ಲಿ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು 'ಇತರೆ' ಎಂದಾದರೆ ಅದನ್ನು ಬಿಡಿಸಿ ನೋಡಿ, ದೊಡ್ಡದಾದ ಖರ್ಚಿಗೆ ಬೇರೆ ತಲೆಬರಹವನ್ನು ಕೊಡಬೇಕು. ಹಾಗೆಯೇ ಒಂದು ಹಂಗಾಮು ಪೂರ್ತಿ ಯಾರೂ ನೋಡದ ಅಂಕಣವನ್ನು ಹಂಗಾಮಿನ ಕೊನೆಗೆ ತೆಗೆದುಹಾಕಬೇಕು. ಹೊಲದಲ್ಲಿ ಕಳೆ ತೆಗೆಯುವಂತೆ ಲೆಕ್ಕದಲ್ಲಿಯೂ ವರ್ಷಕ್ಕೊಮ್ಮೆ ಈ ಕೆಲಸವಾಗಬೇಕು.

ದೊಡ್ಡ ಕಂಪನಿಗಳು ಎಲ್ಲವನ್ನೂ ಬರೆದಿಡುತ್ತವಲ್ಲ, ನಾವೇಕೆ ಕಡಿಮೆ ಮಾಡಬೇಕು ಎಂದು ಕೆಲವರು ಕೇಳಬಹುದು. ದೊಡ್ಡ ಕಂಪನಿಯಲ್ಲಿ ಬರೆಯುವದಕ್ಕೆಂದೇ ನೌಕರರು ಇರುತ್ತಾರೆ. ಆರು ಆಳುಗಳ ಸಸಿತೋಟದಲ್ಲಿ ಬರೆಯುವ ಕೈಯೇ ನೀರುಣಿಸುವ ಕೈಯೂ ಆಗಿರುತ್ತದೆ. ಆ ಕೈಗೆ ದಿನಕ್ಕೆ ಕಾಲು ತಾಸಿಗಿಂತ ಹೆಚ್ಚು ಬರೆಯುವ ಹೊರೆಯನ್ನು ಹೊರಿಸಿದರೆ ಅದು ಅಂಕಿಗಳನ್ನು ಊಹಿಸಿ ತುಂಬತೊಡಗುವದು. ಊಹೆಯ ಅಂಕಿಯು ಬರೆಯದಿರುವದಕ್ಕಿಂತ ಹೆಚ್ಚು ಅಪಾಯಕರವು.

ಊರಿನ ಸಂಘಗಳ ವಿಷಯ

ಈ ಲೇಖನವನ್ನು ಓದುವ ಪ್ರಮುಖರಲ್ಲಿ ಹಲವರು ತಮ್ಮ ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ಆಡಳಿತ ಮಂಡಳಿಯಲ್ಲಿ ಇರಬಹುದು. ಇಂಥ 63,000 ಸಂಘಗಳ ಲೆಕ್ಕವನ್ನು ಒಂದೇ ಬಗೆಯ ತಂತ್ರಾಂಶಕ್ಕೆ ತರುವ 2,516 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸರಕಾರವು 2022ರ ಜೂನ್ 29ರಂದು ಒಪ್ಪಿಗೆ ಕೊಟ್ಟಿತು. ಅಲ್ಲಿ ಅಂಕಣಗಳನ್ನು ಆರಿಸುವ ಸ್ವಾತಂತ್ರ್ಯವು ಸಂಘಕ್ಕೆ ಅಷ್ಟಾಗಿ ಇರುವದಿಲ್ಲವಾದರೂ, ಸಂಗತಿಯು ನಡೆದ ದಿನವೇ ಅದನ್ನು ಬರೆಯುವದು, ಸದಸ್ಯನಿಗೆ ಕೂಡಲೆ ಪಾವತಿ ಕೊಡುವದು, ಅವನ ಬಾಕಿಯನ್ನು ಅವನಿಗೆ ತಿಳಿಯುವ ಮಾತಿನಲ್ಲಿ ಓದಿ ಹೇಳುವದು ಇವು ಸಂಘದವರ ಕೈಯಲ್ಲಿಯೇ ಇವೆ. ಕಣಗಿನಹಾಳದ ಹಿರಿಯರ ಕಾಲದಿಂದಲೂ ಸಂಘವು ನಿಂತದ್ದು ಸದಸ್ಯನ ಈ ನಂಬಿಗೆಯ ಮೇಲೆಯೇ.

ಸಾರಾಂಶ

1. ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಡುವ ನಾಲ್ಕು ವಹಿಗಳಿಂದ ಆರಂಭಿಸಬೇಕು. ನಿರ್ಣಯಕ್ಕೆ ಬಾರದ ಅಂಕಣವನ್ನು ತೆರೆಯಬಾರದು.
2. ಒಂದು ಸಂಗತಿಯನ್ನು ಒಂದೇ ಸಲ, ನಡೆದ ಸ್ಥಳದಲ್ಲಿ, ನಡೆದ ದಿನವೇ ಬರೆಯಬೇಕು.
3. ದೀಪಾವಳಿಯ ಪಾಡ್ಯದಿಂದ ಯುಗಾದಿಯವರೆಗೆ ಒಂದೊಂದಾಗಿ ವಹಿಗಳನ್ನು ಸೇರಿಸಬೇಕು. ಮಳೆಗಾಲದಲ್ಲಿ ಹೊಸದನ್ನು ಆರಂಭಿಸಬಾರದು.
4. ಹಳೆಯ ಪುಸ್ತಕವನ್ನು ಒಂದು ತಿಂಗಳು ತಾಳೆ ನೋಡಿ, ಗೊತ್ತುಪಡಿಸಿದ ದಿನ ಮುಚ್ಚಬೇಕು. ತಿಂಗಳ ಮೊತ್ತವನ್ನು ಕಾಗದದಲ್ಲಿ ಇಡಬೇಕು.
5. ಕನ್ನಡ, ಸಂಕೇತವಿಲ್ಲದೆ ಬರೆಯುವ ಸೌಕರ್ಯ, ಲೆಕ್ಕವನ್ನು ಹೊರತೆಗೆಯುವ ಅನುಕೂಲ, ಬೇಡವಾದ ಅಂಕಣಗಳನ್ನು ಮರೆಮಾಡುವ ಸೌಲಭ್ಯ ಇವನ್ನು ನೋಡಿಯೇ ಕೊಳ್ಳಬೇಕು.
6. ಕೂಲಿಯ ಪಟ್ಟಿಯನ್ನು ವಾರಕ್ಕೊಮ್ಮೆ ಆಳುಗಳ ಮುಂದೆ ಓದಿಯೇ ಹಣ ಕೊಡಬೇಕು.

ಬರುವ ದೀಪಾವಳಿಗೆ ಹೊಸ ಲೆಕ್ಕವನ್ನು ಆರಂಭಿಸಬೇಕೆನ್ನುವವರು ಈಗಿನಿಂದಲೇ ತಮ್ಮ ಸಸಿತೋಟದ ಮಡಿಗಳಿಗೆ ಸಂಖ್ಯೆಯ ಹಲಗೆಗಳನ್ನು ನೆಟ್ಟು, ಆಳುಗಳ ಹೆಸರಿನ ಪಟ್ಟಿಯನ್ನೂ ಬರತಕ್ಕ ಉದ್ರಿಯ ಪಟ್ಟಿಯನ್ನೂ ಕಾಗದದ ಮೇಲೆ ಸರಿಪಡಿಸಿ ಇಟ್ಟುಕೊಳ್ಳತಕ್ಕದ್ದು. ಈ ಮೂರೂ ಸಿದ್ಧವಾಗಿದ್ದರೆ ತಂತ್ರಾಂಶವನ್ನು ಆರಂಭಿಸಲು ಒಂದು ದಿನದ ಕೆಲಸವೇ ಸಾಕಾಗುವದು.